ವಾಪಸಾಗದ ವೀಳ್ಯ

ಗುಬ್ಬಿಯ ಚಿಕ್ಕಹನುಮಯ್ಯ ಬೆಳಗ್ಗೆ ಎದ್ದವನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಮುಖ ತೊಳೆದು, ಹೆಂಡತಿ ಚಿಕ್ಕಗಂಗಮ್ಮ ಕೊಟ್ಟ ಮಜ್ಜಿಗೆಯ ಚೊಂಬು ಹಿಡಿದು ನೇರವಾಗಿ ಗರಡಿ ಮನೆಗೆ ಹೋಗುವನು. ಆಂಜನೇಯನ ಮುಂದೆ ದೀಪ ಹಚ್ಚಿ, ಮಜ್ಜಿಗೆಯನ್ನು ಅಖಾಡದ ಕೆಮ್ಮಣ್ಣಿಗೆ ಚಿಮುಕಿಸಿ, ಗುದ್ದಲಿಯಿಂದ ಅಗೆದು, ಹಲಗೆ ಎಳೆದು ಸಮ ಮಾಡಿದ ಮೇಲೆಯೇ ಅವನ ಬಾಯಿಂದ ದಿನದ ಮೊದಲ ಮಾತು ಬರುವುದು. ಜ್ವರ ಬಂದರೂ, ಮನೆಯಲ್ಲಿ ಮದುವೆಯಿದ್ದರೂ ಇದು ತಪ್ಪಿದ್ದಿಲ್ಲ. ಆ ಮೊದಲ ಮಾತು, "ಬಾರಪ್ಪ." ಯಾರನ್ನು ಕರೆಯುತ್ತಾನೆ ಅನ್ನುವುದು ಮೊದಮೊದಲು ಊರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಹೊತ್ತಿನಲ್ಲಿ ಗರಡಿಯ ಓಣಿಯಲ್ಲಿ ಓಡಾಡುವವರು ಕಡಿಮೆಯಾದರು.

ಗುಬ್ಬಿ ಅಂದರೆ ನಾಟಕ ಅಂತ ಹೊರಗಿನವರು ಹೇಳಿದರೆ ಆ ಓಣಿಯವರಿಗೆ ಸಿಟ್ಟು ಬರುತ್ತಿದ್ದ ಕಾಲ ಒಂದಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಗರಡಿಯ ಗೋಡೆ ತುಂಬಾ ಕಾಚ ಕಟ್ಟಿ, ಮೀಸೆ ತಿರುವಿ ನಿಂತ ಪೈಲ್ವಾನರ ಪಟಗಳು. ಉಸ್ತಾದ್ ವೆಂಕಟರಂಗಯ್ಯನ ಕೈಯಲ್ಲಿ ಪಳಗಿದವರೆಂದರೆ ಮೈಸೂರಿನ ಗರಡಿಗಳಲ್ಲೂ ಜಾಗ ಬಿಡುತ್ತಿದ್ದರು. ಅವರಲ್ಲೆಲ್ಲ ಮುಂದಾಳು ಚಿಕ್ಕಹನುಮಯ್ಯ. ಹಗಲು ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವುದು, ಬೆಳಗ್ಗೆ ಸಂಜೆ ಸಾಮು. ಬೆನ್ನು ನೆಲ ಕಂಡದ್ದಿಲ್ಲ.

ಅವನಿಗೆ ಸರಿಸಾಟಿಯಾಗಿ ಸುತ್ತಮುತ್ತ ಇದ್ದವನು ಒಬ್ಬನೇ, ಕುಣಿಗಲ್ಲಿನ ಮಹಾಲಿಂಗಯ್ಯ. ತೆಂಗಿನ ತೋಟದವನು, ವಯಸ್ಸಿನಲ್ಲಿ ಚಿಕ್ಕವನು. ಕಾಯಿ ಸುಲಿಯುವಾಗ ಮಚ್ಚು ಬಿದ್ದು ಎಡಗೈಯ ಕಿರುಬೆರಳು ಅರ್ಧ ಹೋಗಿತ್ತು. ಇಬ್ಬರಿಗೂ ಜೋಡಿ ಕಟ್ಟಿದ್ದು ಎಪ್ಪತ್ತಮೂರರ ದೀಪಾವಳಿ ಕಳೆದ ಮೇಲೆ, ತುಮಕೂರಿನಲ್ಲಿ, ಹಿರಿಯ ಪೈಲ್ವಾನರೆಲ್ಲ ಸೇರಿದ್ದಾಗ. ಶಿವರಾತ್ರಿಯ ಮಾರನೆಯ ದಿನ ಕುಸ್ತಿ ಅಂತ ಗೊತ್ತಾಯಿತು. ಎಲೆಯ ಮೇಲೆ ಜೋಡಿ ಗೋಟಡಿಕೆ ಇಟ್ಟು ವೀಳ್ಯ ಬದಲಾಯಿಸಿದರು.

"ಹನುಮಣ್ಣ, ಮಣ್ಣು ಮೆತ್ತಗೆ ಅಗೆಸಿರು. ಬೀಳೋ ಬೆನ್ನು ನಿಂದೇಯ," ಅಂದ ಮಹಾಲಿಂಗಯ್ಯ.

"ಬೆರಳೇ ನೆಟ್ಟಗಿಲ್ಲ, ನೀನೇನ್ಲಾ ಹಿಡಿಯೋದು ನನ್ನ?"

"ಹಿಡಿದ್ರೆ ಬುಡಾಕಿಲ್ಲ, ನೋಡ್ತಿರು."

ಎಲ್ಲರೂ ನಕ್ಕರು.

ಆ ವೀಳ್ಯಕ್ಕೆ ಒಂದು ಕಟ್ಟಿತ್ತು. ತೆಗೆದುಕೊಂಡವನು ಆ ಜೋಡಿ ಆಡಿ ಮುಗಿಸುವ ತನಕ ಬೇರೆಯವರ ಜೊತೆ ಅಖಾಡಕ್ಕೆ ಇಳಿಯುವ ಹಾಗಿಲ್ಲ. ಆಡಲಾಗದಿದ್ದರೆ ಅಡಿಕೆಯನ್ನು ಕೈಯಿಂದ ಕೈಗೆ ವಾಪಸ್ ಕೊಟ್ಟು ಜೋಡಿ ಬಿಚ್ಚಬೇಕು. ಜೊತೆಯವನು ಸತ್ತೇ ಹೋದರೆ, ಮಣ್ಣು ಮಾಡುವ ಮೊದಲು ಅವನ ಅಂಗೈಯಲ್ಲಿಟ್ಟು ಬಿಡಿಸಿಕೊಂಡು ಬರಬೇಕು.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ತೋಟದಲ್ಲಿ ಹಾವು ಕಚ್ಚಿ ಮಹಾಲಿಂಗಯ್ಯ ತೀರಿಕೊಂಡ. ಸುದ್ದಿ ಬೆಳಗ್ಗೆಯೇ ಗುಬ್ಬಿಗೆ ಬಂತು. ಚಿಕ್ಕಹನುಮಯ್ಯ ಅಡಿಕೆಯನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಹೊರಟೇಬಿಟ್ಟಿದ್ದ. ಉಸ್ತಾದ್ ಬಾಗಿಲಲ್ಲೇ ತಡೆದರು.

"ಏನ್ಲಾ ಹನುಮ, ವ್ರತ ಹಿಡಿದೋನು ಸಾವಿನ ಮನೆ ಮೆಟ್ತೀಯಾ? ಕುಸ್ತಿ ಮುಗಿಯೋಗಂಟ ಸೂತಕ ಮುಟ್ಟಂಗಿಲ್ಲ ಅಂತ ಎಷ್ಟು ಸಲ ಹೇಳಿಲ್ಲ ನಾನು?"

ಹೌದಲ್ಲ ಅನ್ನಿಸಿತು ಅವನಿಗೆ. ಗುರುವಿನ ಮಾತು ಮೀರಿ ಗೊತ್ತಿಲ್ಲದವನು ಕೈಕಾಲು ತೊಳೆದು ಒಳಗೆ ಹೋಗಿ ದಂಡ ಹೊಡೆಯತೊಡಗಿದ. ಸಂಜೆ ಉಸ್ತಾದರೇ ಹಣೆ ಹಣೆ ಬಡಿದುಕೊಂಡು ಬಂದರು. "ಅಯ್ಯೋ, ಎಂಥಾ ಕೆಲಸ ಮಾಡಿಬುಟ್ವಲ್ಲೋ! ಯಾವ ಕುಸ್ತಿಗ್ಲಾ ವ್ರತ? ಆಡೋನೇ ಹೋದ ಮ್ಯಾಲೆ?" ಅಷ್ಟು ಹೊತ್ತಿಗೆ ಕುಣಿಗಲ್ಲಿನಲ್ಲಿ ವಿಭೂತಿ ಗಟ್ಟಿ ಇಟ್ಟು ಮಣ್ಣು ಮುಚ್ಚಿಯಾಗಿತ್ತು. ಇಲ್ಲದ ಕುಸ್ತಿಗೆ ವ್ರತ ಕಾದು, ಇರುವ ಜೋಡಿಯನ್ನು ಬಿಚ್ಚದೆ ಉಳಿದಿದ್ದರು.

ಶಿವರಾತ್ರಿಯ ಮಾರನೆಯ ಬೆಳಗ್ಗೆ ಚಿಕ್ಕಹನುಮಯ್ಯ ಎಂದಿನಂತೆ ಮಣ್ಣಿಗೆ ಹಲಗೆ ಎಳೆದು, ಕಾಚ ಕಟ್ಟಲು ಆಚೆ ಮೂಲೆಗೆ ಹೋದ. ತಿರುಗಿ ನೋಡಿದರೆ, ಸಮ ಮಾಡಿದ್ದ ಮಣ್ಣಿನಲ್ಲಿ ಎರಡು ಪಾದ ಮೂಡಿದ್ದವು. ಒಂದು ಮುಂದೆ, ಒಂದು ಹಿಂದೆ, ಹಿಮ್ಮಡಿ ಆಳಕ್ಕೆ ಊರಿಕೊಂಡು, ಕುಸ್ತಿಗೆ ಕೈ ಕೊಡಲು ನಿಂತವನ ಹಾಗೆ. ಅಲ್ಲಿಗೆ ನಡೆದು ಬಂದ ಹೆಜ್ಜೆ ಒಂದೂ ಇರಲಿಲ್ಲ. ನೋಡುತ್ತಿದ್ದ ಹಾಗೇ ಹೆಬ್ಬೆರಳ ಪಕ್ಕದ ಮಣ್ಣು ಇನ್ನಷ್ಟು ಕುಸಿಯಿತು, ಯಾರೋ ಭಾರ ಬದಲಾಯಿಸಿದಂತೆ.

ಉಸ್ತಾದ್ ಬಂದು ದೀಪ ಹಿಡಿದು ನೋಡಿದರು. ಎಣ್ಣೆ ಅವರ ಕೈ ಮೇಲೆ ಚೆಲ್ಲಿತು. "ಯಾರ್‌ಗೂ ಹೇಳ್ಬ್ಯಾಡ," ಅಂದಷ್ಟೇ ಹೇಳಿ ಹೊರಗೆ ಹೋದರು.

ಹೇಳದಿದ್ದರೂ ಚಿಕ್ಕಗಂಗಮ್ಮನಿಗೆ ಗೊತ್ತಾಯಿತು. ಗಂಡನ ಬೆನ್ನು ಉಜ್ಜುವವಳು ಅವಳೇ ಅಲ್ಲವೇ. "ಯಾರ ಕೈ ರೀ ಇದು? ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ," ಅಂದಳು ಒಂದು ದಿನ. ಬೆನ್ನ ಮೇಲೆ ಕೆಮ್ಮಣ್ಣಿನ ಅಂಗೈ. ಕಿರುಬೆರಳು ಮಾತ್ರ ಅರ್ಧ. ಅವಳು ಚೊಂಬು ಕೆಳಗಿಟ್ಟು ಆಂಜನೇಯನಿಗೆ ಹರಕೆ ಹೊತ್ತಳು.

ಕುಸ್ತಿಯೇ ಉಸಿರಾಗಿದ್ದವನಿಗೆ ಕುಸ್ತಿ ಇಲ್ಲದೆ ವರ್ಷಗಳು ಹೋದವು. ತೋಳಿನಲ್ಲಿ ಬಲವಿದೆ, ಆಡಲು ಜೋಡಿಯಿಲ್ಲ. ಎಪ್ಪತ್ತಾರರಲ್ಲಿ ಉಸ್ತಾದರಿಗೇ ತಡೆಯಲಾಗಲಿಲ್ಲ. "ಸತ್ತೋನ ಜೊತೆ ಎಂಥಾ ವೀಳ್ಯಾನ್ಲಾ, ಬುಡು," ಅಂತ ಮರಳೂರಿನ ಅಂಜನಮೂರ್ತಿ ಎಂಬ ಪೈಲ್ವಾನನ ಜೊತೆ ಜೋಡಿ ಕಟ್ಟಿದರು. ತುಮಕೂರಿನ ಮೈದಾನ, ಸುಡುವ ಬಿಸಿಲು, ಕಾಲಿಡಲು ಜಾಗವಿಲ್ಲದಷ್ಟು ಜನ. ತಮಟೆ ಜೋರಾಗಿತ್ತು. ಇಬ್ಬರೂ ತೊಡೆ ತಟ್ಟಿದರು. ಅಂಜನಮೂರ್ತಿ ಒಂದು ಸುತ್ತು ಬಂದವನು ಚಿಕ್ಕಹನುಮಯ್ಯನ ಬೆನ್ನ ಕಡೆ ನೋಡಿ ಗಕ್ಕನೆ ನಿಂತ. ಎತ್ತಿದ ಕೈ ಕೆಳಗಿಳಿಯಿತು.

"ಏನಯ್ಯಾ, ಮನೇಲಿ ಒಲೆ ಮ್ಯಾಲೆ ಹಾಲು ಇಟ್ಟು ಬಂದಿದ್ದೀಯಾ?" ಅಂತ ಜನದ ನಡುವಿನಿಂದ ಯಾರೋ ಕೂಗಿದರು. ನಗು ಎದ್ದಿತು.

ಅಂಜನಮೂರ್ತಿ ನಗಲಿಲ್ಲ. "ಉಸ್ತಾದ್ರೇ, ನಾನು ಆಡಾಕಿಲ್ಲ. ಇವ್ರನ್ನ ಆಗ್ಲೇ ಯಾರೋ ಹಿಡ್ಕೊಂಡವ್ರೆ."

ಬೆವರಿದ ಬೆನ್ನಿನ ಮೇಲೆ ಹಸಿ ಕೆಮ್ಮಣ್ಣಿನ ಅಂಗೈ ಇತ್ತು. ಅದರ ಬೆರಳುಗಳಡಿ ಚರ್ಮ ಒಂದೊಂದಾಗಿ ಗುಳಿ ಬೀಳುತ್ತಿದ್ದದ್ದನ್ನು ಮುಂದಿನ ಸಾಲಿನವರೂ ಕಂಡರು. ತಮಟೆಯವನ ಕೈ ತಾನಾಗಿ ನಿಂತಿತು. ಆಮೇಲೆ ಜಿಲ್ಲೆಯ ಯಾವ ಗರಡಿಯೂ ಅವನಿಗೆ ಜೋಡಿ ಕೊಡಲಿಲ್ಲ.

ಬಿಡಿಸಿಕೊಳ್ಳಲು ಅವನು ಪಡದ ಪಾಡಿಲ್ಲ. ಕುಣಿಗಲ್ಲಿಗೆ ಹೋಗಿ ಸಮಾಧಿಯ ಮೇಲೆ ಅಡಿಕೆ ಇಟ್ಟು ಬಂದ. ಮಾರನೆಯ ಬೆಳಗ್ಗೆ ಅವು ಗರಡಿಯ ಗೂಡಿನಲ್ಲೇ, ಆಂಜನೇಯನ ಪಾದದ ಹತ್ತಿರ ಇದ್ದವು, ಹಸಿ ಮಣ್ಣು ಮೆತ್ತಿಕೊಂಡು. ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ಗದ್ದಿಗೆಯ ಮುಂದೆ ಕೂತು ಅತ್ತ. ಅಲ್ಲಿನ ಹಿರಿಯರೊಬ್ಬರು ಸಮಾಧಾನವಾಗಿ ಕೇಳಿಸಿಕೊಂಡು, "ಇಸ್ಕೊಳ್ಳೋಕೆ ಒಂದು ಕೈ ಬೇಕಲ್ಲಪ್ಪ. ಅವನ ಒಡಹುಟ್ಟಿದೋರು ಇಸ್ಕೊಂಡ್ರೆ ಬಿಚ್ಚುತ್ತೆ," ಅಂದರು.

ಮಹಾಲಿಂಗಯ್ಯನಿಗೆ ಇದ್ದವಳು ಒಬ್ಬಳೇ ಅಕ್ಕ, ಭದ್ರಮ್ಮ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಸಾಕಿದವಳು. ಚಿಕ್ಕಹನುಮಯ್ಯ ಅವಳ ಜಗಲಿಯ ಕೆಳಗೆ ನಿಂತು ಕೈ ಮುಗಿದ.

"ನನ್ ತಮ್ಮನ್ನ ಕೂರಿಸಿದ್ದಾಗ ಎಲ್ಲಿ ಹೋಗಿದ್ದೆ?" ಅಂದಳು ಅವಳು. "ಹನುಮಣ್ಣ ಬತ್ತಾನೆ, ಬಂದೇ ಬತ್ತಾನೆ ಅಂತ ಮಧ್ಯಾಹ್ನದಗಂಟ ಕಾಯಿಸಿದ್ನಲ್ಲೋ ನಾನು ಎಲ್ರನ್ನೂ. ಈಗ ನಿನ್ನ ಬೆನ್ನು ಉರೀತೈತೆ ಅಂತ ಬಂದ್ಯಾ? ಹೋಗು." ಬಾಗಿಲು ಹಾಕಿಕೊಂಡಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಅಂದಿನಿಂದ ಅವನು ಬೇರೆ ದಾರಿ ಹುಡುಕುವುದನ್ನು ಬಿಟ್ಟ. ಬೆಳಗ್ಗೆ ಮಣ್ಣು ಸಮ ಮಾಡಿ, "ಬಾರಪ್ಪ" ಅಂತ ಕರೆದು, ಎದುರಿಗೆ ಪಾದ ಮೂಡಿದ ಮೇಲೆ ತೊಡೆ ತಟ್ಟಿ ಇಳಿಯತೊಡಗಿದ. ಆಡಿಯೇ ಮುಗಿಸಬೇಕು, ಬೇರೆ ಬಿಡುಗಡೆ ಇಲ್ಲ ಅಂತ ನಿಶ್ಚಯಿಸಿದ್ದ. ಮೊದಲ ವರ್ಷಗಳಲ್ಲಿ ಅವನದೇ ಮೇಲುಗೈ. ಆದರೆ ಎರಡೂ ಭುಜ ನೆಲಕ್ಕೆ ತಾಗಿಸಿ ಚಿತ್ ಮಾಡಲು ಆಗುತ್ತಿರಲಿಲ್ಲ. ಬಿಸಿಲು ಕಿಟಕಿಗೆ ಬಂದ ಕೂಡಲೇ ಹಿಡಿತ ಕರಗಿ, ಖಾಲಿ ಮಣ್ಣಿನಲ್ಲಿ ತಾನೊಬ್ಬನೇ ಮೊಣಕಾಲೂರಿ ಕೂತಿರುತ್ತಿದ್ದ.

ಉಸ್ತಾದ್ ತೀರಿಕೊಂಡರು. ಓಣಿಯ ಹುಡುಗರು ವಾಲಿಬಾಲ್, ಕ್ರಿಕೆಟ್ ಅಂತ ಹೋದರು. ಗೋಡೆಯ ಪಟಗಳಿಗೆ ಗೆದ್ದಲು ಹಿಡಿಯಿತು. ಚಿಕ್ಕಹನುಮಯ್ಯನ ಮೀಸೆ ಬೆಳ್ಳಗಾಯಿತು, ಮಂಡಿಯಲ್ಲಿ ಹಗುರ ಮೂಟೆ ಕೊಡಿ ಅಂತ ಕೇಳುವ ಹಾಗಾಯಿತು. ಎದುರಿನ ಪಾದಗಳಿಗೆ ಮಾತ್ರ ವಯಸ್ಸಾಗಲಿಲ್ಲ.

ಎಂಬತ್ತೈದರಲ್ಲಿ ತುಮಕೂರಿನ ಡ್ರಿಲ್ ಮೇಷ್ಟರೊಬ್ಬರು ನಾಲ್ಕು ಜನರನ್ನು ಸೇರಿಸಿ ಜಿಲ್ಲೆಯ ಹಳೆಯ ಆಟಗಾರರಿಗೆಲ್ಲ ಸನ್ಮಾನ ಇಟ್ಟುಕೊಂಡರು. ಖೋಖೋದವರು, ಓಟದವರು, ಪೈಲ್ವಾನರು. ತೀರಿಕೊಂಡವರ ಪರವಾಗಿ ಮನೆಯವರು ಬಂದಿದ್ದರು. ಮಹಾಲಿಂಗಯ್ಯನ ಶಾಲು ತೆಗೆದುಕೊಳ್ಳಲು ಭದ್ರಮ್ಮ ವೇದಿಕೆ ಹತ್ತಿದಳು, ಮುದುಕಿಯಾಗಿದ್ದಳು. "ಸೋಲನ್ನೇ ಕಾಣದ ಗುಬ್ಬಿಯ ಗಂಡು" ಅಂತ ಮೈಕಿನಲ್ಲಿ ಕರೆದಾಗ ಚಿಕ್ಕಹನುಮಯ್ಯ ತಲೆ ತಗ್ಗಿಸಿಕೊಂಡು ಬಂದ. ಶಾಲು ಹೊದಿಸಿಕೊಳ್ಳಲು ಅವನು ಬಾಗಿದಾಗ, ಅಂಗಿಯ ಕಾಲರಿನ ಕೆಳಗೆ, ಕತ್ತಿನ ಬುಡದಲ್ಲಿ, ಅರ್ಧ ಕಿರುಬೆರಳಿನ ಕೆಂಪು ಗುರುತು ಪಕ್ಕದಲ್ಲಿದ್ದ ಭದ್ರಮ್ಮನ ಕಣ್ಣಿಗೆ ಬಿತ್ತು. ಆ ಬೆರಳಿಗೆ ಅರಿಸಿನ ಹಾಕಿ ಬಟ್ಟೆ ಕಟ್ಟಿದ್ದವಳು ಅವಳೇ.

ಅವಳು ಊರಿಗೆ ಹೋಗಲಿಲ್ಲ. ಚಿಕ್ಕಗಂಗಮ್ಮನನ್ನು ಹುಡುಕಿ ಮಾತಾಡಿಸಿ, ಗುಬ್ಬಿಗೆ ಬಂದು ಅವರ ಮನೆಯಲ್ಲೇ ಉಳಿದಳು. ಬೆಳಗ್ಗೆ ಇಬ್ಬರು ಹೆಂಗಸರೂ ಗರಡಿಯ ಹೊಸ್ತಿಲಾಚೆ ನಿಂತರು. ಹೆಂಗಸರು ಒಳಗೆ ಕಾಲಿಡುವ ಪದ್ಧತಿಯಿಲ್ಲ. ಒಳಗೆ ತೊಡೆ ತಟ್ಟಿದ ಸದ್ದಾಯಿತು. ಮರುಕ್ಷಣ ಇನ್ನೊಂದು ಕಡೆಯಿಂದ ಇನ್ನೊಂದು ಸದ್ದು. ಆಮೇಲೆ ಉಸಿರಾಟ. ಒಂದು ಏದುಸಿರು, ಮುದುಕನದು. ಇನ್ನೊಂದು ನಿಧಾನ, ತುಂಬಿದ ಎದೆಯದು. ಧೊಪ್ಪನೆ ಯಾರೋ ಬಿದ್ದ ಸದ್ದು ಕೇಳಿ ಭದ್ರಮ್ಮ ಚಿಕ್ಕಗಂಗಮ್ಮನ ಕೈ ಹಿಡಿದುಕೊಂಡಳು.

ಬಿಸಿಲು ಬಂದ ಮೇಲೆ ಚಿಕ್ಕಹನುಮಯ್ಯ ಹೊರಗೆ ಬಂದ. ಬಲಗಡೆಯ ಭುಜದ ಹಿಂಭಾಗವೆಲ್ಲ ಕೆಮ್ಮಣ್ಣು. ಭದ್ರಮ್ಮ ಅಳುತ್ತಾ ಸೆರಗೊಡ್ಡಿದಳು.

"ಅವತ್ತು ಬಾಗ್ಲು ಹಾಕ್ಕೊಂಡು ತಪ್ಪು ಮಾಡ್ದೆ ಕಣಪ್ಪ. ಶಿವ ಮೆಚ್ಚೋ ಕೆಲಸ ಅಲ್ಲ ಅದು. ಆ ಅಡಿಕೇನ ತಂದು ನನ್ನ ಸೆರಗಿಗೆ ಹಾಕು. ನಾನು ಇಸ್ಕೊತೀನಿ. ನೀನು ಬಿಡುಗಡೆ ಆಗು, ಅವ್ನೂ ಮಲಗಲಿ."

"ಹಾಕ್ರೀ, ನಿಮ್ಮ ಕಾಲಿಗೆ ಬೀಳ್ತೀನಿ," ಅಂದಳು ಚಿಕ್ಕಗಂಗಮ್ಮ.

ಅವನು ಒಳಗೆ ಹೋಗಿ ಅಡಿಕೆ ತಂದ. ಹೊಸ್ತಿಲ ಮೇಲೆ ನಿಂತು ಅಂಗೈ ನೋಡಿಕೊಂಡ. ಅವನ ಹಿಂದೆ ಅಖಾಡದ ಮಣ್ಣು ಮೆಲ್ಲಗೆ ಕುಸಿದ ಸದ್ದಾಯಿತು. ಅವನು ಮುಷ್ಟಿ ಮುಚ್ಚಿದ.

"ಬ್ಯಾಡಕ್ಕ," ಅಂದ. "ನಾನು ಬೇಡ್ಕೊಂಡು ಬಂದಾಗ ಇನ್ನೂ ಕುಸ್ತಿಗೆ ಇಳ್ದಿರ್ಲಿಲ್ಲ. ಆಗ ಬಿಚ್ಚಿದ್ರೆ ಸರಿಯಾಗಿರೋದು. ಈಗ ನಿನ್ ತಮ್ಮ ಮೇಲವ್ನೆ. ಇವತ್ತು ನನ್ನ ಒಂದು ಭುಜ ನೆಲ ಮುಟ್ಸವ್ನೆ, ಇನ್ನೊಂದು ಉಳ್ದೈತೆ. ಸೋಲೋ ಹೊತ್ನಲ್ಲಿ ವೀಳ್ಯ ವಾಪಸ್ ಕೊಟ್ಟು ಎದ್ದೋದ್ರೆ ನಾನೆಂಥ ಪೈಲ್ವಾನ? ಅವ್ನು ಗೆಲ್ಲಲಿ, ಬುಡು. ಸೆರಗು ತಗಿಯಕ್ಕ."