ಬಾಗಲಾ ಮುಂದ ಮಾಡ್ರಿ

ಸಪ್ನಾ ಬರೆದದ್ದನ್ನು ಓದದ ವ್ಯಾಪಾರಿ ನಮ್ಮ ಬೈಲಹೊಂಗಲ ಪೇಟೆಯಲ್ಲಿಲ್ಲ; ಓದಿದೆ ಎಂದು ಒಪ್ಪಿಕೊಳ್ಳುವವನೂ ಇಲ್ಲ. ರೈತರ ಮಾಲು ಮಾರಿಸುವ ನಮ್ಮಂಥ ಅಡತಿ ಅಂಗಡಿಗಳಿಗೆಂದು ಗೌರೀಶನ ಕಂಪನಿ ಲೆಕ್ಕದ ಆ್ಯಪ್ ಮಾಡಿದೆ. ಅದನ್ನು ಬಳಸುವುದು ಹೇಗೆಂದು ಮೊಬೈಲಿನಲ್ಲೇ ತಿಳಿಸುವ ಪುಟಗಳನ್ನು ಬರೆಯುವುದು ಸಪ್ನಾಳ ನೌಕರಿ. ಎಂ.ಕೆ. ಹುಬ್ಬಳ್ಳಿಯ ಹುಡುಗಿ. ಮೊದಲು ಇಲ್ಲಿಯ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ತಿದ್ದುತ್ತಿದ್ದಳು. ಕಾಕಾ, ಮಾಮಾ, ಸೋದರತ್ತೆಯರ ಹೆಸರುಗಳನ್ನು ಜಗಳವಾಗದಂತೆ ಜೋಡಿಸಿದವಳಿಗೆ ಸಾಫ್ಟ್‌ವೇರ್ ಏನು ಮಹಾ ಎಂದು ಗೌರೀಶ ಕರೆದುಕೊಂಡಿದ್ದ.

ಈಚೆಗೆ ಅವನಿಗೊಂದು ವಿಚಾರ ಹೊಳೆಯಿತು. ದೊಡ್ಡ ಕಂಪನಿಗಳು ಇಂಥ ಪುಟಗಳನ್ನು ಬಳಸುವವರಿಂದಲೇ ಬರೆಸುತ್ತವಂತೆ, ಪುಕ್ಕಟೆ. ಆ ಶಬ್ದಕ್ಕೆ ನಾವೇ ಸೋಲುತ್ತೇವೆ, ಅವನದೇನು ತಪ್ಪು?

"ಸಪ್ನಾ ಅವರ, ಈ ತಿಂಗಳ ನೋಡೂಣು. ವ್ಯಾಪಾರಸ್ಥರ ಛಲೋ ಬರದ್ರ, ನಿಮಗ ಸುಮ್ನ ಯಾಕ ತ್ರಾಸ ಕೊಡೂದು?" ಎಂದ.

ನೌಕರಿಯಿಂದ ತೆಗೆಯುವ ಮಾತನ್ನು ಇಷ್ಟು ಮರ್ಯಾದೆಯಿಂದ ಆಡಿದ್ದನ್ನು ನಾನು ಕೇಳಿರಲಿಲ್ಲ.

ಅವಳ ಮೇಲೆ ಒಂದು ದೂರೂ ಇತ್ತು. ಸಂಜೆಯ ಲೆಕ್ಕಕ್ಕೆ "ದಿನವನ್ನು ಮುಚ್ಚಿ" ಎಂದು ಬರೆದಿದ್ದಳು. ಆ್ಯಪಿನಲ್ಲಿ ಒತ್ತುವ ಗುಂಡಿಯ ಮೇಲೂ ಅದೇ. ಮುಚ್ಚುವವನು ದಿವಾಳಿಯಾದವನು. ಸಂಜೆ ಮನೆಗೆ ಹೋಗುವಾಗ ನಾವು ಬಾಗಿಲು ಮುಂದೆ ಮಾಡುತ್ತೇವೆ, ಅಷ್ಟೇ. ಹಿರಿಯ ವ್ಯಾಪಾರಿ ನಿಜಗುಣಪ್ಪನವರಂತೂ ಆ ಗುಂಡಿಯನ್ನು ಮುಟ್ಟಿರಲೇ ಇಲ್ಲ. ಅವರ ಆ್ಯಪಿನಲ್ಲಿ ಯುಗಾದಿಯ ದಿನ ಇನ್ನೂ ನಡೆದೇ ಇತ್ತು.

ಪುಟಗಳನ್ನು ಎಲ್ಲರ ಕೈಗೆ ಬಿಟ್ಟಾಗ ಮೊದಲು ತಿದ್ದಿದವರೂ ಅವರೇ: "ಸಂಜೀಕ ಬಾಗಲಾ ಮುಂದ ಮಾಡ್ರಿ, ಆಮ್ಯಾಲ ಲೆಕ್ಕ ನೋಡ್ರಿ." ಗೌರೀಶ ಖುಷಿಯಾಗಿ ಗುಂಡಿಗೂ ಅದೇ ಹೆಸರಿಟ್ಟ. ಉಳಿದವರಿಗೆ ಹುರುಪು ಬಂತು. ಯಾವ ದಿಕ್ಕಿಗೆ ಕೂತು ಆ್ಯಪ್ ತೆರೆಯಬೇಕೆಂದು ಸವದತ್ತಿಯವರೊಬ್ಬರು ಬರೆದರು. ಅದು ತಪ್ಪು ದಿಕ್ಕೆಂದು ಕಿತ್ತೂರಿನವರೊಬ್ಬರು ಬರೆದರು. ನನ್ನ ಅಂಗಡಿಯ ಕಡಲೆ ಛಲೋ ಇದೆಯೆಂದು ನಾನೂ ಒಂದು ಸಾಲು ಸೇರಿಸಿದೆ. ಅದೂ ಮಾಹಿತಿಯೇ.

ಒಂದು ಸಂಜೆ ನಾನು ಗೌರೀಶನ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದೆ. ರಾಮದುರ್ಗದ ಕಡೆಯ ಕಟಕೋಳದಲ್ಲಿ ಹೊಸದಾಗಿ ಕಾಳಿನ ಅಂಗಡಿ ಇಟ್ಟ ನೀಲಪ್ಪನ ಫೋನ್ ಬಂತು. ಗೌರೀಶ ಸ್ಪೀಕರಿಗೆ ಹಾಕಿದ.

"ಸಾಹೇಬರ, ನೀವು ಬರದಂಗ ಬಾಗಲಾ ಮುಂದ ಮಾಡೇನ್ರಿ. ಮುಂದ ಏನು?"

"ಲೆಕ್ಕ ಕಾಣತೈತಲ್ರಿ?"

"ಕತ್ತಲದಾಗ ಏನ್ ಕಾಣತೈತ್ರಿ? ಶಟರ್ ಎಳಕೊಂಡು ಒಳಗ ಕುಂತೇನಿ. ಹೊರಗ ರೈತರು ಬಡ್ಯಾಕ ಹತ್ಯಾರ. ದಿನಾ ಹಿಂಗ ಮಾಡಬೇಕೇನ್ರಿ?"

ಗೌರೀಶ ನನ್ನ ಮುಖ ನೋಡಿದ. ನಾನು ಚಹಾ ನೋಡಿದೆ. ಪಕ್ಕದ ಮೇಜಿನಲ್ಲಿದ್ದ ಸಪ್ನಾ ಫೋನಿನತ್ತ ಬಾಗಿದಳು.

"ನೀಲಪ್ಪಣ್ಣಾರ, ಮೊದಲ ಶಟರ್ ತಗೀರಿ. ಅದು ಮೊಬೈಲಿನಾಗಿನ ಗುಂಡಿ ಹೆಸರ್ರಿ. ನಿಮ್ಮ ಅಂಗಡಿ ಬಾಗಲಾ ಅಲ್ಲ."

"ಹಂಗಂತ ಯಾರರ ಬರೀಬೇಕಲ ತಂಗಿ?"

ಗೌರೀಶ ಸ್ಪೀಕರ್ ಬಂದ್ ಮಾಡಿದ, ತಡವಾಗಿ.

"ಎಲ್ಲಾರೂ ಹೇಳೂದು ಛಲೋನ ಸರ್," ಎಂದಳು ಸಪ್ನಾ. "ಮುಚ್ಚು ಅನ್ನಬಾರದಂತ ನನಗ ಹೊಳದಿರಲಿಲ್ಲ, ನಿಜಗುಣಪ್ಪ ಅಜ್ಜಾರಿಂದ ತಿಳೀತು. ಆದ್ರ ಪ್ರೆಸ್ಸಿಗೆ ಒಂದ್ ಲಗ್ನಪತ್ರಿಕಿ ಬಂದಿತ್ರಿ. ಮನಿಮಂದಿ ಎಲ್ಲಾ ಕೂಡಿ ತಿದ್ದಿದ್ದು. ಬಳಗದವರ ಹೆಸರೆಲ್ಲಾ ಇದ್ವು. ಮದುಮಗಳ ಹೆಸರ ಇರಲಿಲ್ಲ."

"ಮತ್ತ ಅದನ್ನ ಯಾರ ನೋಡಿದ್ರು?"

"ನೋಡಾಕಂತನ ನನ್ನ ಇಟ್ಟಿದ್ರಲ್ರಿ."

ನೌಕರಿ ಉಳಿಯಿತು. ಈಗ ಹೇಳುವವರು ನಾವು, ಬರೆಯುವವಳು ಅವಳು. ಸಲಹೆಗೆ ಬೇರೆ ಜಾಗ ಮಾಡಿದ್ದಾರೆ. ದಿಕ್ಕಿನ ಜಗಳ ಅಲ್ಲಿ ಸುಖವಾಗಿ ನಡೆದಿದೆ. ಗುಂಡಿಗೆ ನಿಜಗುಣಪ್ಪನವರು ಕೊಟ್ಟ ಹೆಸರೇ ಇದೆ, ಕೆಳಗೆ ಸಪ್ನಾಳ ಸಾಲು: "ಅಂಗಡಿಯ ಶಟರ್ ಎಳೆಯಬೇಕಾಗಿಲ್ಲ." ನಿಜಗುಣಪ್ಪನವರು ಕಡೆಗೂ ಅದನ್ನು ಒತ್ತಿದರು. ಯುಗಾದಿ ಮುಗಿಯಿತು.

ನನ್ನ ಕಡಲೆಯ ಸಾಲನ್ನು ಮಾತ್ರ ಅವಳು ತೆಗೆದುಹಾಕಿದ್ದಳು. ಯಾಕೆಂದು ಕೇಳಿದೆ.

"ಕಾಕಾ, ಅದಕ್ಕ ನುಸಿ ಹತ್ತಿತ್ರಿ," ಎಂದಳು.