ಅಣ್ಣನ ನಕ್ಷತ್ರ

ತೊಂಬತ್ತರ ದಶಕ. ಅಮೆರಿಕದ ರಾಲಿ ನಗರದ ಕಾಲೇಜೊಂದರಲ್ಲಿ ಕ್ರಿಮಿನಲ್ ಜಸ್ಟಿಸ್ ಓದುತ್ತಿದ್ದೆ. ಜೈಲಿನಲ್ಲಿ ಕೈದಿಗಳನ್ನು ನೋಡಲು ಬರುವವರ ಕೋಣೆಯಲ್ಲಿ ವಾರಕ್ಕೊಮ್ಮೆ ಕೂತು ಗಮನಿಸುವುದು ನಮಗೆ ಕೊಟ್ಟ ಕೆಲಸ. ಯಾರ ಹತ್ತಿರವೂ ಮಾತಾಡಕೂಡದು.

ಒಂದು ದಿನ ಸೀರೆ ಮೇಲೆ ಸ್ವೆಟರ್ ಹಾಕಿದ್ದ ಆಂಟಿಯೊಬ್ಬರು ಪಕ್ಕದಲ್ಲಿ ಕೂತು, ನನ್ನ ಮುಖ ನೋಡಿ, "ಕನ್ನಡ ಬರುತ್ತೇನಮ್ಮಾ?" ಎಂದರು. ತಲೆಯಾಡಿಸಿದೆ.

"ನನ್ನ ಮಗ ಒಳಗಿದಾನೆ. ನಿಮ್ಮೋರು ಯಾರು?"

ನಿಮ್ಮಂಥವರನ್ನು ನೋಡಿ ಪಾಠ ಕಲಿಯೋಕೆ ಬಂದಿದೀನಿ ಅಂತ ಹೇಗೆ ಹೇಳಲಿ? "ಅಣ್ಣ" ಎಂದುಬಿಟ್ಟೆ. ನನಗೆ ಅಣ್ಣನೇ ಇಲ್ಲ.

ಆಂಟಿ ನನ್ನ ಕೈ ಹಿಡಿದುಕೊಂಡರು. "ನಮ್ಮೋರಲ್ಲಿ ನಾನೊಬ್ಬಳೇ ಅಂದ್ಕೊಂಡಿದ್ದೆ. ಅವನ ಹೆಸರು, ನಕ್ಷತ್ರ ಹೇಳು. ನನ್ನ ಮಗನ ಜೊತೆ ಅವನಿಗೂ ಅರ್ಚನೆ ಮಾಡಿಸ್ತೀನಿ."

ಬಾಯಿಗೆ ಬಂದ ಹೆಸರು, ನನ್ನದೇ ನಕ್ಷತ್ರ ಹೇಳಿದೆ. ಆಮೇಲೆ ವಾರವಾರವೂ ಪ್ರಸಾದ ಬಂತು.

ಸೆಮಿಸ್ಟರಿನ ಕೊನೆಯ ದಿನ, "ಅಣ್ಣನ್ನ ಬಿಟ್ಟರು ಆಂಟಿ" ಎಂದೆ. ಅವರ ಕಣ್ಣು ತುಂಬಿತು. ಬ್ಯಾಗಿನಿಂದ ಪೆನ್ನು ತೆಗೆದು, ಮೆಲ್ಲಗೆ ಕೇಳಿದರು: "ನಿಮ್ಮ ಲಾಯರ್ ಹೆಸರೇನಮ್ಮಾ?"

ಯಾರ ಜೊತೆಗೂ ಬೆರೆಯದೆ ಚೆನ್ನಾಗಿ ಗಮನಿಸಿದ್ದೀಯ ಎಂದು ಪ್ರೊಫೆಸರ್ ನನಗೆ ಎ ಗ್ರೇಡ್ ಕೊಟ್ಟರು.