ಒಂದು ರೂಪಾಯಿ ಉದ್ರಿ

ನಮ್ಮ ಮನೆಗೆ ಮಾಳಿಗೆ ಇಲ್ಲ. ಇದನ್ನು ನಾನು ದುಃಖದಿಂದ ಹೇಳುತ್ತಿಲ್ಲ, ಎದೆಯುಬ್ಬಿಸಿ ಹೇಳುತ್ತಿದ್ದೇನೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಮೇಲೂ ಇನ್ನೊಂದು ಮನೆ ಎದ್ದಿದೆ. ನಮ್ಮ ಮನೆಯ ಮೇಲೆ ಮಾತ್ರ ಮುಂದೆಂದೋ ಏಳಬೇಕಾದ ಕಂಬಗಳ ಕಬ್ಬಿಣದ ಸರಳುಗಳು ಆಕಾಶ ನೋಡುತ್ತ ನಿಂತಿವೆ. ನನ್ನ ಹೆಂಡತಿ ಮಹಾದೇವಿ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾಳೆ. ಹೋಗಿ ಬರುವವರು ಕತ್ತೆತ್ತಿ ನೋಡಿ, "ಮಾಳಿಗಿ ಯಾವಾಗ್ರಿ?" ಎಂದು ಕೇಳುತ್ತಾರೆ. ಮದುವೆಯಾದವರನ್ನು ಮಕ್ಕಳು ಯಾವಾಗ ಎಂದು ಕೇಳುವ ಜನ, ಮನೆಯನ್ನು ಬಿಟ್ಟಾರೆಯೇ?

ಮಾಳಿಗೆಗೆ ಹಣ ಇರಲಿಲ್ಲವೆಂದಲ್ಲ, ಇತ್ತು. ಮಹಾದೇವಿಯ ತವರು ಹಿಪ್ಪರಗಿ. ಅವಳ ಪಾಲಿಗೆ ಬಂದ ತುಂಡು ಹೊಲದಲ್ಲಿ ಕಬ್ಬು ಬೆಳೆಯುತ್ತದೆ. ವರ್ಷ ವರ್ಷ ಕಾರ್ಖಾನೆಯಿಂದ ಬಂದ ಕಬ್ಬಿನ ಬಿಲ್ಲಿನ ಹಣವನ್ನು ಮುಟ್ಟದೆ ಅವಳು ಠೇವಣಿ ಇಟ್ಟಿದ್ದಳು. ಅದು ಮಾಳಿಗೆಯ ಗಂಟು. ಅದೇ ಕಾಲದಲ್ಲಿ, ಅದೇ ಮನೆಯಲ್ಲಿ, ನಾನು ನನ್ನ ಪಾಡಿಗೆ ಇನ್ನೊಂದು ಗಂಟು ಬೆಳೆಸುತ್ತಿದ್ದೆ. ಅದರ ಹೆಸರು ಕ್ರೆಡಿಟ್ ಕಾರ್ಡು.

ನಮ್ಮ ಕಡೆ ಕೊಡಬೇಕಾದ ಹಣಕ್ಕೂ ಜಾತಿಗಳಿವೆ. ಸಂಜೆಗೆ ತಿರುಗಿ ಕೊಡುವುದು ಕೈಗಡ. ಅಂಗಡಿಯವನು ಮುಖ ನೋಡಿ ಕೊಟ್ಟದ್ದು ಉದ್ರಿ. ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಕೊಟ್ಟದ್ದು ಸಾಲ. ಕೈಗಡಕ್ಕೆ ನಾಚಿಕೆಯಿಲ್ಲ, ಉದ್ರಿಗೆ ಮರ್ಯಾದೆಯಿದೆ, ಸಾಲಕ್ಕೆ ಮಾತ್ರ ನಿದ್ದೆಯಿಲ್ಲ. ಕಾರ್ಡು ಈ ಮೂರರಲ್ಲಿ ಯಾವುದು ಎಂದು ನಾನು ಬಹಳ ವಿಚಾರ ಮಾಡಿದ್ದೇನೆ. ಬರುವಾಗ ಅದು ಕೈಗಡದಂತೆ ಬರುತ್ತದೆ, ಉದ್ರಿಯಂತೆ ಮನೆಯಲ್ಲಿ ಕೂರುತ್ತದೆ, ಎದ್ದು ನಿಂತಾಗಲೇ ಸಾಲವೆಂದು ತಿಳಿಯುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದರು. ನಾವೋ ನೇಕಾರರು, ಕಾಲು ಮಡಚುವುದೇಕೆ, ಹಾಸಿಗೆಯನ್ನೇ ಉದ್ದ ನೇಯ್ದರಾಯಿತು ಎಂದುಕೊಂಡೆ.

ಸೀರೆಯ ವ್ಯಾಪಾರ ಬಿದ್ದ ವರ್ಷ, ಉದ್ರಿ ಇನ್ನೂ ಬೆಳೆಸಲು ನಾಚಿ, ನಮ್ಮ ಪವರ್‌ಲೂಮಿಗೆ ನೂಲನ್ನು ಮೊದಲ ಕಾರ್ಡಿನಿಂದ ತಂದೆ. ಅದರ ಕಂತು ಕಟ್ಟಲು ಎರಡನೆಯ ಕಾರ್ಡು ತೆಗೆದುಕೊಂಡೆ. ತಿಂಗಳಿಗೊಮ್ಮೆ ಅವರು 'ಕನಿಷ್ಠ ಮೊತ್ತ' ಎಂದು ಒಂದು ಸಣ್ಣ ಅಂಕಿ ತೋರಿಸುತ್ತಿದ್ದರು. ಎಂಥ ಸಂಭಾವಿತರು ಎನಿಸುತ್ತಿತ್ತು. ಅದನ್ನು ಕಟ್ಟಿ ನಿಶ್ಚಿಂತೆಯಿಂದ ಇರುತ್ತಿದ್ದೆ. ಠೇವಣಿಗೆ ಬರುವ ಬಡ್ಡಿ ಎತ್ತಿನ ಗಾಡಿಯಂತೆ ನಡೆಯುತ್ತಿತ್ತು. ಕಾರ್ಡಿನ ಬಡ್ಡಿ ಮಾತ್ರ ತಿಮ್ಮಾಪುರದ ಬೇಟೆನಾಯಿ: ನೋಡಲು ಸಣಕಲು, ಓಟಕ್ಕೆ ನಿಂತರೆ ಮೊಲಕ್ಕೆ ಉಳಿಗಾಲವಿಲ್ಲ. ಮೊಲ ನಾನೇ ಎಂಬುದು ತಡವಾಗಿ ತಿಳಿಯಿತು.

ಎರಡೂ ಕಾರ್ಡುಗಳ ಕಂತು ತಪ್ಪಿದ ಮೇಲೆ ಫೋನುಗಳು ಶುರುವಾದವು. ಗುರುತಿಲ್ಲದ ನಂಬರು ಬಂದರೆ ನಾನು ಓಡಿಹೋಗಿ ಮಗ್ಗದ ಪಕ್ಕದಲ್ಲಿ ನಿಂತು ಎತ್ತುತ್ತಿದ್ದೆ. ಪವರ್‌ಲೂಮಿನ ಖಟಖಟ ಸದ್ದಿನಲ್ಲಿ "ಏನೂ ಕೇಳಸವಲ್ದರಿ!" ಎಂದು ಕೂಗಿ ಇಟ್ಟುಬಿಡುತ್ತಿದ್ದೆ. ಒಂದು ದಿನ ಕರೆಂಟು ಹೋಗಿತ್ತು. ಅಂದು ಎಲ್ಲವೂ ಸ್ವಚ್ಛವಾಗಿ ಕೇಳಿಸಿತು, ಪಕ್ಕದಲ್ಲಿದ್ದ ಮಹಾದೇವಿಗೂ.

ಫೋನಿನಲ್ಲಿದ್ದ ಹುಡುಗಿ ಬಹಳ ಮೃದುವಾಗಿ ಹೇಳಿದಳು: "ಸರ್, ಒಟ್ಟು ಬಾಕಿಯ ಅರ್ಧ ಹಣವನ್ನು ಒಂದೇ ಸಲ ಕಟ್ಟಿದರೆ ಉಳಿದದ್ದನ್ನು ಬಿಟ್ಟು ಸೆಟಲ್‌ಮೆಂಟ್ ಮಾಡಿಕೊಡುತ್ತೇವೆ." ಎರಡನೆಯ ಕಾರ್ಡಿನವರೂ ಮರುವಾರ ಇದೇ ರಾಗ ಹಾಡಿದರು. ನಾನು ಲೆಕ್ಕ ಹಾಕಿದೆ. ಅರ್ಧ ಕಟ್ಟಿದರೆ ಠೇವಣಿಯಲ್ಲಿ ಉಳಿಯುವ ಹಣಕ್ಕೆ ಮೇಲೆ ಎರಡು ಕೋಣೆ ಏಳುತ್ತವೆ. ಪೂರ್ತಿ ಕಟ್ಟಿದರೆ ಸರಳುಗಳು ಸರಳುಗಳಾಗಿಯೇ ಉಳಿಯುತ್ತವೆ. ಲೆಕ್ಕ ಎಷ್ಟು ಸುಲಭವಾಗಿತ್ತೆಂದರೆ, ನಾನು ಆಗಲೇ ಮೇಲಿನ ಕೋಣೆಗೆ ಬಣ್ಣ ಆರಿಸತೊಡಗಿದ್ದೆ.

ಮಹಾದೇವಿ ಕೇಳಿದಳು: "ಅರ್ಧಾ ಕಟ್ಟಿದ್ರ ಅವ್ರು ನಮ್ಮ ಹೆಸರಿನ ಮುಂದ ಏನಂತ ಬರಕೋತಾರ್ರಿ?"

"ಸೆಟಲ್ಡ್ ಅಂತ."

"ಹಂಗಂದ್ರ?"

"ಪೂರಾ ಕೊಡಲಿಲ್ಲ, ನಾವ ಬಿಟ್ಟೇವಿ ಅಂತ."

ಅವಳು ನೂಲು ಸುತ್ತುತ್ತಿದ್ದ ಕಂಡಿಕೆಯನ್ನು ಕೆಳಗಿಟ್ಟಳು. "ನಮ್ಮ ಸೀರಿ ಒಯ್ದು ವ್ಯಾಪಾರಿ ಅರ್ಧಾ ರೊಕ್ಕಾ ಕೊಡತೇನಿ ಅಂದ್ರ ಸುಮ್ನಿರತೇವೇನ್ರಿ? ಅವನ ಹೆಸರ ಓಣಿ ತುಂಬಾ ಹೇಳತೇವಿ. ಮಾಳಿಗಿ ಇಲ್ದಿದ್ರ ಮನಿ ಸಣ್ಣದ ಕಾಣತೈತಿ. ಅರ್ಧಾ ಕೊಟ್ರ ನಾವ ಸಣ್ಣಾವ್ರ ಕಾಣತೇವಿ. ಠೇವಣಿ ಮುರದ್ ಪೂರಾ ಕಟ್ಟಿ ಬರ್ರಿ."

ಹೊಲ ಅವಳದು, ಕಬ್ಬು ಅವಳದು, ಮಾಳಿಗೆಯ ಆಸೆಯೂ ನನಗಿಂತ ಅವಳಿಗೇ ಹೆಚ್ಚು. ನನ್ನದೆಂದು ಇದ್ದದ್ದು ಸಾಲ ಮಾತ್ರ. ಅವಳ ಮಾತು ಕೇಳಿ ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ದೊಡ್ಡದಾಗಿ, ಇವಳು ನನ್ನ ಹೆಂಡತಿ ಎಂಬ ಹೆಮ್ಮೆ ಎದ್ದು ನಿಂತಿತು.

ಮಂಗಳವಾರ, ಶುಕ್ರವಾರ ಮನೆಯಿಂದ ಲಕ್ಷ್ಮಿಯನ್ನು ಕಳಿಸಬಾರದೆಂದು ಗುರುವಾರ ಜಮಖಂಡಿಗೆ ಹೊರಟೆ. ಎರಡೂ ಬ್ಯಾಂಕುಗಳು ಅಲ್ಲಿಯೇ ಇವೆ. ಇಸ್ತ್ರಿ ಮಾಡಿದ ಅಂಗಿ, ಹೊಸ ರುಮಾಲು, ಬೀಗರ ಮನೆಗೆ ಹೋಗುವ ಠೀವಿ. ಕೌಂಟರಿನಲ್ಲಿದ್ದ ತರುಣ ಹಣ ಎಣಿಸಿ ತಲೆಯೆತ್ತಿದ.

"ಒಂದ ರೂಪಾಯಿ ಕಮ್ಮಿ ಐತ್ರಿ."

"ಗೊತ್ತೈತ್ರಿ," ಎಂದೆ ಗಂಭೀರವಾಗಿ. "ಅದು ಇರ್ಲಿ."

ಅವನು ನನ್ನನ್ನು ಒಂದು ಕ್ಷಣ ನೋಡಿ ರಸೀದಿ ಕೊಟ್ಟ. ಪಕ್ಷಪಾತ ಮಾಡಿದಂತಾಗಬಾರದೆಂದು ಇನ್ನೊಂದು ಬ್ಯಾಂಕಿನಲ್ಲೂ ಒಂದು ರೂಪಾಯಿ ಉಳಿಸಿಯೇ ಬಂದೆ.

ನೀವು ನಗುವ ಮೊದಲು ಇದರ ಹಿನ್ನೆಲೆ ಕೇಳಬೇಕು. ರಬಕವಿಯಲ್ಲಿ ನಮಗೆ ನೂಲು ಕೊಡುವ ಶಿವಲಿಂಗಪ್ಪ ಕಾಕಾ ಇದ್ದಾರೆ. ನಮ್ಮ ಅಪ್ಪ ಪ್ರತಿ ದೀಪಾವಳಿ ಪಾಡ್ಯಕ್ಕೆ ಅವರ ಉದ್ರಿಯನ್ನೆಲ್ಲ ತೀರಿಸಿ, ಒಂದು ರೂಪಾಯಿ ಮಾತ್ರ ಬಾಕಿ ಬಿಡುತ್ತಿದ್ದರು. ಲೆಕ್ಕ ಸೊನ್ನೆಯಾದರೆ ಸಂಬಂಧವೂ ಸೊನ್ನೆ ಎಂಬುದು ಇಬ್ಬರ ನಂಬಿಕೆ. ಅಪ್ಪ ತೀರಿಕೊಂಡಾಗ ನಾನು ಆ ರೂಪಾಯಿ ಕೊಡಲು ಹೋದರೆ ಕಾಕಾ, "ನಿಮ್ಮಪ್ಪನ್ನ ನನ್ನ ಅಂಗಡ್ಯಾಗಿಂದ ತಗದ ಒಯ್ಯಾಕ ಬಂದಿಯೇನ್ಲೇ?" ಎಂದು ಬೈದು ಚಹಾ ಕುಡಿಸಿ ಕಳಿಸಿದರು. ಕಷ್ಟಕಾಲದಲ್ಲಿ ಹಣ ಕೊಟ್ಟ ಬ್ಯಾಂಕಿಗೆ ನಾನು ತೋರಿಸಿದ್ದು ಅದೇ ಮರ್ಯಾದೆ. ಇನ್ನು ನಮ್ಮ ನಿಮ್ಮ ಋಣ ಹರಿಯಿತು ಎಂದು ಮುಖಕ್ಕೆ ಹೊಡೆದಂತೆ ಹೇಳಲು ಮನಸ್ಸು ಬರಲಿಲ್ಲ.

ಬ್ಯಾಂಕಿಗೆ ಈ ಮರ್ಯಾದೆ ಅರ್ಥವಾಗಲಿಲ್ಲ. ಮುಂದಿನ ತಿಂಗಳು ಎರಡೂ ಕಡೆಯಿಂದ ಬಿಲ್ಲು ಬಂತು. ಒಂದು ರೂಪಾಯಿ ಬಾಕಿ ಇದ್ದದ್ದರಿಂದ ಕಾರ್ಡು ಮುಚ್ಚಿರಲಿಲ್ಲ. ಮುಚ್ಚದ ಕಾರ್ಡಿಗೆ ವರ್ಷದ ಶುಲ್ಕ, ಶುಲ್ಕದ ಮೇಲೆ ತೆರಿಗೆ. ಮಹಾದೇವಿ ಬಿಲ್ಲು ನೋಡಿ, ಮಗ್ಗ ನಿಲ್ಲಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಬ್ಯಾಂಕಿನವ್ರ ಕೂಡ ಬೀಗತನಾ ಮಾಡಾಕ ಹೋಗಿದ್ರೇನ್ರಿ?"

ಮತ್ತೆ ಜಮಖಂಡಿಗೆ ಹೋದೆ. ಈ ಸಲ ಇಸ್ತ್ರಿಯಿಲ್ಲದ ಅಂಗಿ. ಸಂಬಂಧವನ್ನು ಪೈಸೆ ಪೈಸೆಗೆ ಹರಿದುಕೊಂಡು, ಬಾಕಿ ಏನೂ ಇಲ್ಲವೆಂಬ ಪತ್ರ ಎರಡೂ ಕಡೆ ಬರೆಸಿಕೊಂಡು ಬಂದೆ. ಮಹಾದೇವಿ ಆ ಪತ್ರಗಳನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಆಮೇಲೆ ಕತ್ತರಿ ತಂದು, ಸೀರೆಯ ಅಂಚಿನ ದಾರ ಕತ್ತರಿಸುವಷ್ಟೇ ಸಲೀಸಾಗಿ ಕಾರ್ಡುಗಳನ್ನು ಕತ್ತರಿಸಿದಳು. ಈಗ ಗುರುತಿಲ್ಲದ ನಂಬರು ಬಂದರೆ ನಾನು ಮಗ್ಗ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಕೂತು ಮಾತಾಡುತ್ತೇನೆ. ಮೊನ್ನೆ ಯಾರೋ ಹೊಸ ಕಾರ್ಡು ಕೊಡುತ್ತೇನೆಂದರು. ಮನೆಮಂದಿಯ ಕ್ಷೇಮವನ್ನೆಲ್ಲ ಕೇಳಿ ಬೇಡವೆಂದೆ.

ಈ ಪಾಡ್ಯಕ್ಕೆ ಮಹಾದೇವಿಯನ್ನೂ ಕರೆದುಕೊಂಡು ಕಾಕಾನ ಅಂಗಡಿಗೆ ಹೋದೆ. ವರ್ಷದ ಉದ್ರಿ ತೀರಿಸಿದೆ. ಕಾಕಾನಿಗೆ ವಯಸ್ಸಾಗಿದೆ, ಕಣ್ಣು ಮಂದವಾಗಿದೆ, ಆದರೆ ರಬಕವಿಯಲ್ಲಿ ಕೂತೇ ನಮ್ಮ ಸರಳುಗಳು ಅವರಿಗೂ ಕಾಣುತ್ತವೆ.

"ಮಾಳಿಗಿ ಯಾವಾಗ್ಲೇ ತಮ್ಮಾ?"

"ಸಾಲಾ ಪೂರಾ ತೀರಿದ ಮ್ಯಾಲ, ಕಾಕಾ."

"ತೀರಿಸಿದ್ಯಂತಲ್ಲೋ! ಇನ್ನ ಯಾರದ ಐತಿ?"

"ನಿಮ್ಮದ. ಒಂದ ರೂಪಾಯಿ."

ಕಾಕಾ ಮಹಾದೇವಿಯ ಕಡೆ ತಿರುಗಿದರು. "ಕೇಳವ್ವಾ, ನಿನ್ನ ಮಾಳಿಗಿ ಆಗೂದಿಲ್ಲ ಬಿಡು. ಅದೊಂದ ಸಾಲಾ ನಾ ತೀರಸಗೊಡಾಂವಲ್ಲ."